ಗಂಟೆಯ ತನಕ ಕುದುರೆ

ರಾಣೆಬೆನ್ನೂರಿನ ಸುತ್ತ ಯಾವ ಮದುವೆಗೆ ಹೋದರೂ ನಾವಿಬ್ಬರು ಇದ್ದೇ ಇರುತ್ತೇವೆ. ಒಬ್ಬ ನಾನು, ಫೋಟೋ ಸ್ಟುಡಿಯೋದ ರಘೋತ್ತಮ. ಇನ್ನೊಬ್ಬ ಕುದುರೆ ಫಕ್ಕೀರಸಾಬ. ಮದುಮಕ್ಕಳು ಬದಲಾಗುತ್ತಾರೆ, ಬೀಗರು ಬದಲಾಗುತ್ತಾರೆ, ನಾವು ಮಾತ್ರ ಅದೇ ಇಬ್ಬರು. ನಾನು ತೆಗೆದ ಮೆರವಣಿಗೆಯ ವಿಡಿಯೋಗಳಲ್ಲೆಲ್ಲ ಎಡಗಡೆಗೆ ಲಗಾಮು ಹಿಡಿದ ಒಂದು ಕೈ ಬರುತ್ತದೆ. ಅದು ಫಕ್ಕೀರಸಾಬನ ಕೈ. "ಆ ಕೈ ಕಟ್ ಮಾಡ್ರಿ" ಎಂದು ಎಷ್ಟೋ ಬೀಗರು ಹೇಳಿದ್ದಾರೆ. ನಾನು ಹೂಂ ಅನ್ನುತ್ತೇನೆ, ಕಟ್ ಮಾಡುವುದಿಲ್ಲ. ಬಾಸಿಂಗ ಕಟ್ಟಿಕೊಂಡು ಬೆವರುವ ಮದುಮಗನ ಮುಖಕ್ಕಿಂತ ಆ ಕೈ ಎಷ್ಟೋ ನಿರಾಳವಾಗಿರುತ್ತದೆ. ನಾನು ನೋಡುವುದೂ ಅದನ್ನೇ.

ಈಗ ನಮ್ಮ ಕಡೆ ಕೆಲವು ಮದುವೆಗಳಲ್ಲಿ ಒಂದು ಹೊಸ ಪದ್ಧತಿ ಬಂದಿದೆ. ದಾರಿಯಲ್ಲಿ ಗುಡಿಯ ಗಂಟೆ ಬಾರಿಸುವ ತನಕ ಮದುಮಗ ಕುದುರೆಯ ಮೇಲೆ, ಅಲ್ಲಿಂದ ಮುಂದೆ ಮಂಟಪದ ತನಕ ನಡಿಗೆ. ಪುರೋಹಿತರನ್ನು ಕೇಳಿದರೆ ಯಾವ ಶಾಸ್ತ್ರದಲ್ಲಿಯೂ ಇಲ್ಲ ಅನ್ನುತ್ತಾರೆ. ಶಾಸ್ತ್ರದಲ್ಲಿ ಇಲ್ಲ, ಖರೇ. ಅದು ಬಂದದ್ದು ಪೋಲೊ ಆಟದಿಂದ. ತಂದವಳು ಒಂದು ಕುದುರೆ.

ಫಕ್ಕೀರಸಾಬನ ಮನೆ ಹಲಗೇರಿಗೆ ಹೋಗುವ ರಸ್ತೆಯ ಬದಿಗೆ, ಬೇವಿನ ಮರದ ಕೆಳಗಿದೆ. ಮನೆಯಲ್ಲಿ ಅವನು, ಹೆಂಡತಿ ಹುಸೇನಬಿ, ಹಿಂದೆ ಕುದುರೆಯ ಲಾಯ. ಬಹಳ ವರ್ಷ ಅಲ್ಲಿ ಚಾಂದನಿ ಎಂಬ ಬಿಳಿ ಕುದುರೆ ಇತ್ತು. ನಮ್ಮ ತಾಲೂಕಿನ ಅರ್ಧ ಗಂಡಸರನ್ನು ಮಂಟಪಕ್ಕೆ ಮುಟ್ಟಿಸಿದ್ದು ಅದೇ. ಹೋದ ಮಳೆಗಾಲದಲ್ಲಿ ವಯಸ್ಸಾಗಿ ತೀರಿಹೋಯಿತು. ಅದು ಹೊದೆಯುತ್ತಿದ್ದ ಕರಿಯ ಕಂಬಳಿಯನ್ನು ಫಕ್ಕೀರಸಾಬ ಲಾಯದ ಗೂಟಕ್ಕೆ ತೂಗುಹಾಕಿ, ಸಂಜೆ ಅದರ ಎದುರಿಗೆ ಕಲ್ಲಿನ ಮೇಲೆ ಕೂತುಬಿಡುತ್ತಿದ್ದ. ಹುಸೇನಬಿ ಕಂಬಳಿ ಒಗೆಯಲು ತೆಗೆದರೆ, "ಕೈ ಹಚ್ಚಬ್ಯಾಡ, ಅದು ಚಾಂದನೀದು" ಅನ್ನುತ್ತಿದ್ದ.

ಲಗ್ನದ ಹಂಗಾಮು ಶುರುವಾಗುವ ಹೊತ್ತಿಗೆ ಪುಣೆಯ ವ್ಯಾಪಾರಿಯೊಬ್ಬನಿಂದ ಇನ್ನೊಂದು ಬಿಳಿ ಕುದುರೆ ತಂದ. ಹಂಗಾಮು ಮುಗಿಯುವುದರೊಳಗೆ ಹೊಂದದಿದ್ದರೆ ವಾಪಸ್ ತೆಗೆದುಕೊಂಡು ಬೇರೆ ಕೊಡುತ್ತೇನೆ ಎಂದು ವ್ಯಾಪಾರಿ ಮಾತು ಕೊಟ್ಟಿದ್ದ. ಹಾಗೆ ವಾಪಸ್ ಹೋದ ಕುದುರೆಗಳು ಇಟ್ಟಂಗಿ ಭಟ್ಟಿಯ ಗಾಡಿಗೆ ಹೋಗುತ್ತವೆ ಎನ್ನುವುದು ಈ ಕಸುಬಿನವರಿಗೆಲ್ಲ ಗೊತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕುದುರೆ ಟೆಂಪೋದಿಂದ ಇಳಿದಾಗ ನಾನು ಅಲ್ಲೇ ಇದ್ದೆ. ಕಾಲು ನೀಳ, ಕಣ್ಣು ದೊಡ್ಡವು. ಆದರೆ ಕುತ್ತಿಗೆಯ ಮೇಲೆ ಒಂದು ಕೂದಲಿಲ್ಲ! ತಿರುಪತಿಗೆ ಹೋಗಿ ಬಂದವರ ಹಾಗೆ ನುಣ್ಣಗೆ ಬೋಳಿಸಿದ್ದರು. ಹುಸೇನಬಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಫಕ್ಕೀರಸಾಬ ನಗಲಿಲ್ಲ, ಹೆಸರನ್ನೂ ಇಡಲಿಲ್ಲ. ಹುಲ್ಲು ಹಾಕುವಾಗ "ಏ ಹೊಸಾಕಿ, ಸರಿ ಅತ್ತಾಗ" ಎಂದ. ಅದೇ ಹೆಸರಾಯಿತು.

ಬ್ಯಾಂಡಿಗೆ ಹೊಸಾಕಿ ಹೆದರಲಿಲ್ಲ, ಪಟಾಕಿಗೆ ಕಿವಿ ಕೂಡ ಅಲುಗಿಸಲಿಲ್ಲ. ನಾವು ಖುಷಿಪಟ್ಟೆವು. ಹಲಗೇರಿಯ ಮದುವೆಯಲ್ಲಿ ಆದದ್ದೇ ಬೇರೆ. ಮದುಮಗ ಪ್ರವೀಣಕುಮಾರ ಗಂಭೀರವಾಗಿ ಕೂತಿದ್ದ. ಓಣಿಯಲ್ಲಿ ಕ್ರಿಕೆಟ್ ಆಡುತ್ತಿದ್ದವರ ಚೆಂಡು ಮೆರವಣಿಗೆಯ ಮುಂದೆ ಉರುಳಿಹೋಯಿತು. ಹೊಸಾಕಿ ತಲೆ ಎತ್ತಿದಳು. ಫಕ್ಕೀರಸಾಬನ ಕೈಯಿಂದ ಲಗಾಮು ಜಾರಿತು. ಚೆಂಡು ಹೋದ ದಾರಿ ಹಿಡಿದು, ಅಡ್ಡ ಬಂದ ಮೋಟರ್ ಸೈಕಲ್ಲನ್ನು ಭುಜದಿಂದ ಮೆತ್ತಗೆ ನೂಕಿ, ಓಣಿಯ ತುದಿಯ ತಿಪ್ಪೆಯ ತನಕ ಓಡಿ, ಚೆಂಡಿನ ಎಡಕ್ಕೆ ನಿಂತಳು. ಯಾರಾದರೂ ಹೊಡೆಯಲಿ ಎಂದು ಕಾಯುವ ಹಾಗೆ ನಿಂತಳು. ಪ್ರವೀಣಕುಮಾರನ ರುಮಾಲು ಬಿದ್ದಿತ್ತು, ಅವನು ಬಿದ್ದಿರಲಿಲ್ಲ. ಆ ವಿಡಿಯೋ ಜಿಲ್ಲೆಯೆಲ್ಲ ಓಡಾಡಿತು. ಹುಡುಗರು ನಕ್ಕರು, ಹಿರಿಯರು ಮುಂದಿನ ಎರಡು ಮದುವೆಗೆ ಕುದುರೆ ಬೇಡ ಎಂದರು.

"ಆಚಾರ್ರ, ಇದು ಕುದುರಿ ಅಲ್ರಿ. ಯಾವುದೋ ನಾಯಿ ಹುಟ್ಟಬೇಕಾಗಿದ್ದು ತಪ್ಪಿ ಕುದುರಿ ಆಗೇತಿ" ಎಂದ ಫಕ್ಕೀರಸಾಬ ನನಗೆ.

ನಾನು ವ್ಯಾಪಾರಿಗೆ ಫೋನ್ ಹಚ್ಚಿ ಜಗಳಾಡಿದೆ. ಜಗಳದ ಕೊನೆಗೆ ಅವನು ಸತ್ಯ ಹೇಳಿದ: ಅದು ಪೋಲೊ ಆಡುತ್ತಿದ್ದ ಕುದುರೆ, ವಯಸ್ಸಾಯಿತೆಂದು ಮಾರಿದ್ದಾರೆ. ಅದನ್ನು ನೋಡಿಕೊಳ್ಳುತ್ತಿದ್ದ ಗಣಪತಸಿಂಗ ಎಂಬವನ ನಂಬರನ್ನೂ ಕೊಟ್ಟ. ಆತ ಈಗ ರಾಜಸ್ಥಾನದ ತನ್ನ ಊರಿನಲ್ಲಿದ್ದ. ಆತನ ಹಿಂದಿಗೂ ಫಕ್ಕೀರಸಾಬನ ರಾಣೆಬೆನ್ನೂರಿನ ಉರ್ದುವಿಗೂ ಹೇಗೋ ಹೊಂದಿಕೊಂಡಿತು. ಬೇವಿನ ಕೆಳಗೆ ಕೂತು, ಫೋನನ್ನು ಇಬ್ಬರ ನಡುವೆ ಕಲ್ಲಿನ ಮೇಲಿಟ್ಟು, ನಾವು ಪೋಲೊದ ಅ ಆ ಇ ಈ ಕಲಿತೆವು.

ಆಟಕ್ಕೆ ಒಂದೊಂದು ಕಡೆ ನಾಲ್ಕು ಸವಾರರು. ಕೈಯಲ್ಲಿ ಬೆತ್ತದ ಉದ್ದ ಕೋಲು, ತುದಿಗೆ ಕಟ್ಟಿಗೆಯ ಸುತ್ತಿಗೆ. ಬಲಗೈಯಲ್ಲೇ ಹಿಡಿಯಬೇಕು, ಎಡಚನಾದರೂ ಬಲಗೈಯೇ. ಕೋಲಿಗೆ ಸಿಕ್ಕಬಾರದೆಂದು ಕುದುರೆಯ ಕುತ್ತಿಗೆಯ ಕೂದಲು ಬೋಳಿಸಿ ಬಾಲ ಹೆಣೆದು ಕಟ್ಟುತ್ತಾರೆ. ಕುದುರೆ ಎಷ್ಟೇ ಎತ್ತರವಿರಲಿ, ಆಟದಲ್ಲಿ ಅದನ್ನು ಪೋನಿ ಎಂದೇ ಕರೆಯಬೇಕು. ಚೆಂಡು ಹೋದ ದಾರಿಗೆ ಲೈನ್ ಅನ್ನುತ್ತಾರೆ. ನೆಲದ ಮೇಲೆ ಅಂಥ ಗೆರೆ ಇರುವುದಿಲ್ಲ, ಆದರೆ ಸವಾರನಿಗೂ ಕುದುರೆಗೂ ಕಾಣುತ್ತದೆ. ಅದನ್ನು ಅಡ್ಡ ದಾಟಿದರೆ ತಪ್ಪು. ಪಕ್ಕಕ್ಕೆ ಬಂದು ಭುಜಕ್ಕೆ ಭುಜ ಹಚ್ಚಿ ಎದುರಾಳಿಯನ್ನು ಲೈನಿನಿಂದ ಸರಿಸಿದರೆ ತಪ್ಪಲ್ಲ. ಪ್ರತಿ ಗೋಲು ಆದ ಮೇಲೆ ಎರಡೂ ಕಡೆಯವರು ದಿಕ್ಕು ಬದಲಿಸುತ್ತಾರೆ. ಏಳೆಂಟು ನಿಮಿಷದ ಒಂದೊಂದು ಸುತ್ತಿಗೆ ಚಕ್ಕರ್ ಎಂದು ಹೆಸರು.

"ಚಕ್ಕರಾ? ನಮ್ಮ ಚಕ್ಕರನ?" ಎಂದು ಫಕ್ಕೀರಸಾಬ ಕೇಳಿದ. ಹೌದು, ನಮ್ಮದೇ ಎಂದ ಗಣಪತಸಿಂಗ. ಫಕ್ಕೀರಸಾಬನಿಗೆ ಆ ಆಟದ ಮೇಲೆ ಸ್ವಲ್ಪ ಗೌರವ ಬಂತು.

ಗಣಪತಸಿಂಗ ಇನ್ನೂ ಎರಡು ಸಂಗತಿ ಹೇಳಿದ. ಅರ್ಧ ಆಟ ಮುಗಿದಾಗ ನೋಡಲು ಬಂದ ಜನರೆಲ್ಲ ಮೈದಾನಕ್ಕೆ ಇಳಿಯುತ್ತಾರಂತೆ. ರಾಜರಿರಲಿ, ಮಂತ್ರಿಗಳಿರಲಿ, ಕುದುರೆಯ ಗೊರಸಿಗೆ ಕಿತ್ತ ಮಣ್ಣನ್ನೂ ಹುಲ್ಲನ್ನೂ ಕಾಲಿನಿಂದ ತುಳಿದು ಮತ್ತೆ ಕೂರಿಸುತ್ತಾರಂತೆ. ಇನ್ನೊಂದು, ಆಟದ ಕೊನೆಗೆ ಆ ದಿನ ಚೆನ್ನಾಗಿ ಆಡಿದ ಕುದುರೆಗೆ ಎಲ್ಲರೆದುರು ಒಂದು ಹೊದಿಕೆ ಹೊದಿಸುತ್ತಾರಂತೆ. "ಕುದುರೀಗೆ?" ಎಂದ ಫಕ್ಕೀರಸಾಬ. "ಕುದುರೆಗೇ" ಎಂದಿತು ಫೋನು.

ಮರುದಿನ ಬೆಳಿಗ್ಗೆ ಅವನು ನನ್ನ ಮನೆಯ ಮುಂದೆ ನಿಂತಿದ್ದ. ಕೈಯಲ್ಲಿ ಬಿದಿರಿನ ಗಳ, ತುದಿಗೆ ಹಳೆಯ ಗೂಟ ಬಿಗಿದಿದ್ದ. "ಕ್ಯಾಮೆರಾ ತಗೊಂಡ ಬರ್ರಿ" ಎಂದ.

ಹಲಗೇರಿಯ ಆಚೆ ಗೋವಿನಜೋಳ ಕಿತ್ತ ಬಯಲು ಹೊಲಗಳಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ದೂರದ ಅಂಚಿನಲ್ಲಿ ಕೃಷ್ಣಮೃಗಗಳು ನಿಂತಿದ್ದವು. ಇದ್ದವೋ, ಅಥವಾ ಮಂಜಿನಲ್ಲಿ ನನಗೆ ಹಾಗೆ ಕಂಡಿತೋ ಹೇಳಲಾರೆ. ನಾನು ಚೆಂಡು ಎಸೆದೆ. ಅರವತ್ತು ದಾಟಿದ ಫಕ್ಕೀರಸಾಬ ಲುಂಗಿ ಎತ್ತಿ ಕಟ್ಟಿ, ಬಿದಿರು ಹಿಡಿದು ಹೊಸಾಕಿಯ ಮೇಲೆ ಕೂತಿದ್ದ. ಜೀವಮಾನವೆಲ್ಲ ಕುದುರೆಯ ಪಕ್ಕ ನಡೆದವನು, ಮೇಲೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವಳು ಓಡಲಿಲ್ಲ, ತೇಲಿದಳು ಅನ್ನಿಸಿತು. ಗೊರಸಿನ ಸಪ್ಪಳ ಮಾತ್ರ ಕೇಳುತ್ತದೆ, ಮಂಜಿನಲ್ಲಿ ಕಾಲು ಕಾಣುವುದಿಲ್ಲ. ಫಕ್ಕೀರಸಾಬ ಬೀಸಿದ ಹೊಡೆತಗಳಲ್ಲಿ ಹೆಚ್ಚಿನವು ಗಾಳಿಗೇ ಬಿದ್ದವು. ಒಂದು ಮಾತ್ರ ಚೆಂಡಿಗೆ ಠಪ್ ಎಂದು ಬಿತ್ತು, ಚೆಂಡು ಮಂಜಿನೊಳಗೆ ಮಾಯವಾಯಿತು, ಅದರ ಹಿಂದೆ ಅವರಿಬ್ಬರೂ ಮಾಯವಾದರು. ಸ್ವಲ್ಪ ಹೊತ್ತು ಆ ಬಯಲಿನಲ್ಲಿ ನಾನೊಬ್ಬನೇ ಇದ್ದೆ. ಅಷ್ಟು ಸಂತೋಷ ನನಗೆ ಯಾರ ಮದುವೆಯಲ್ಲಿಯೂ ಆಗಿಲ್ಲ, ನನ್ನದನ್ನೂ ಸೇರಿಸಿ.

ಆಮೇಲೆ ಬೈಗುಳ ಕೇಳಿತು. ಚೆಂಡು ಹೋಗಿ ಬಿದ್ದದ್ದು ಅಲ್ಲಿನ ರೈತ ಹೆಣ್ಣುಮಗಳು ಮಂಗಳವ್ವ ಶೇಂಗಾ ಬಿತ್ತಲು ನೀರು ಬಿಟ್ಟು ಹದ ಮಾಡಿದ್ದ ತುಂಡು ಹೊಲಕ್ಕೆ. ಹೊಸಾಕಿ ಅಲ್ಲಿ ನಾಲ್ಕು ಸುತ್ತು ಹಾಕಿದ್ದಳು.

"ಮುದುಕ ಆದ್ರೂ ಬುದ್ಧಿ ಬರಲಿಲ್ಲೇನೋ ನಿನಗ? ಹೊಲ ನೋಡು, ಹಂದಿ ಹೊಕ್ಕಂಗಾಗೇತಿ!" ಎಂದಳು ಮಂಗಳವ್ವ.

ಫಕ್ಕೀರಸಾಬ ಇಳಿದು ಕೈಮುಗಿದ. "ಯವ್ವಾ, ಇದು ಪೋಲೊ ಅಂತ ಆಟ ಐತಿ. ಇದರಾಗ ಕುದುರಿ ತುಳಿದದ್ದನ್ನ ನೋಡಾಕ ಬಂದವರು ಸರಿ ಮಾಡಬೇಕಂತ ರೂಢಿ ಐತಿ. ರಾಜರೂ ಮಾಡತಾರಂತ."

"ನೋಡಾಕ ಬಂದವರು ಯಾರು?"

"ಈ ಆಚಾರ್ರು."

ಮಂಗಳವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾರ ತುಳೀರಿ ಆಚಾರ್ರ, ಯಾಕ ನಿಂತೀರಿ?" ಎಂದಳು. ಧೋತರ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ತಣ್ಣನೆಯ ಎರೆಮಣ್ಣಿನಲ್ಲಿ ಆ ಮುಂಜಾನೆ ನಾನು ರಾಜರ ಕೆಲಸ ಮಾಡಿದೆ.

ಎಲ್ಲ ಬಗೆಹರಿಯಿತು ಅಂದುಕೊಂಡೆವು. ಮೆರವಣಿಗೆಯ ದಾರಿಯಲ್ಲಿ ಚೆಂಡು ಬಾರದಂತೆ ನೋಡಿಕೊಂಡರೆ ಆಯಿತಲ್ಲ! ಹೊಸ ಕುದುರೆಯನ್ನು ದೇವರಗುಡ್ಡಕ್ಕೆ ಕರೆದೊಯ್ದು ಹಣೆಗೆ ಅರಿಶಿನದ ಭಂಡಾರ ಹಚ್ಚಿಸುವುದು ಫಕ್ಕೀರಸಾಬನ ಅಪ್ಪನ ಕಾಲದಿಂದ ಬಂದದ್ದು. ಮೈಲಾರಲಿಂಗ ಕುದುರೆ ಏರುವ ದೇವರು, ಕುದುರೆಯ ಕಸುಬಿನವರು ಯಾವ ಜಾತಿಯವರಾದರೂ ಆತನಿಗೆ ಹೇಳದೆ ಹಂಗಾಮು ಶುರು ಮಾಡುವುದಿಲ್ಲ. ಈ ಸಲ ಗಡಿಬಿಡಿಯಲ್ಲಿ ಅದು ತಪ್ಪಿತ್ತು. ಒಂದು ರವಿವಾರ ಹೋದೆವು. ರೂಢಿಯಂತೆ ನಾನು ವಿಡಿಯೋ ಮಾಡುತ್ತಿದ್ದೆ.

ಗುಡಿಯ ಮುಂದೆ ಜನ ದಾರಿ ಬಿಟ್ಟರು. ಹೊಸಾಕಿ ನೆಟ್ಟಗೆ ನಡೆದಳು. ಪೂಜಾರಿ ಭಂಡಾರ ಹಿಡಿದು ಬಂದ. ಅಷ್ಟರಲ್ಲಿ ಒಳಗೆ ಯಾರೋ ದೊಡ್ಡ ಗಂಟೆ ಬಾರಿಸಿದರು. ಹೊಸಾಕಿ ನಿಂತಳು. ದೇವರಿಗೆ ಬೆನ್ನು ತಿರುಗಿಸಿದಳು. ಫಕ್ಕೀರಸಾಬ ಲಗಾಮು ಜಗ್ಗಿದರೂ ಕೇಳದೆ ಜನರ ಅಂಚಿಗೆ ಹೋಗಿ ನಿಂತುಬಿಟ್ಟಳು. ಎರಡನೆಯ ಸಲ ತಂದರು, ಮತ್ತೆ ಗಂಟೆ, ಮತ್ತೆ ಅದೇ.

ಮೆಟ್ಟಿಲ ಬದಿಗೆ ಕಾಯಿ ಮಾರುವ ಮೈಲವ್ವ ಎದ್ದು ನಿಂತು ಹೇಳಿಯೇಬಿಟ್ಟಳು: "ದೇವರು ಒಲ್ಲೆ ಅಂದ. ಕುದುರೀನ ದೇವರಿಗೆ ಬೆನ್ನ ಮಾಡಿತು. ಇದರ ಮ್ಯಾಲ ಯಾವ ಮದಿಮಗನ್ನೂ ಕುಂದರಸಬ್ಯಾಡ್ರಿ."

ಮೈಲವ್ವನ ಮಾತು ನಮ್ಮ ಕಡೆ ಫೋನಿಗಿಂತ ಲಗೂ ಊರು ಮುಟ್ಟುತ್ತದೆ. ಆ ವಾರದಲ್ಲಿ ಗೊತ್ತುಪಡಿಸಿದ್ದ ಮದುವೆಗಳೆಲ್ಲ ಕೈಬಿಟ್ಟುಹೋದವು. ಉಳಿದದ್ದು ಬ್ಯಾಡಗಿಯದು ಒಂದೇ. ಅಲ್ಲಿನ ಮದುಮಗ ವಿಜಯಮಹಾಂತೇಶ ಚೆಂಡಿನ ವಿಡಿಯೋ ನೋಡಿ, ಕೂತರೆ ಇದೇ ಕುದುರೆಯ ಮೇಲೆ ಎಂದು ಹಟ ಹಿಡಿದಿದ್ದ. ಫಕ್ಕೀರಸಾಬ ಪುಣೆಗೆ ಫೋನ್ ಮಾಡಿ, ಬ್ಯಾಡಗಿಯ ಮದುವೆ ಮುಗಿದ ಮರುದಿನ ಬಂದು ಕುದುರೆ ಒಯ್ಯಲು ಹೇಳಿದ. ಹೇಳಿ ಬಂದು ಕಲ್ಲಿನ ಮೇಲೆ ಕೂತು ಕಂಬಳಿಯನ್ನು ನೋಡತೊಡಗಿದ. ನನಗೆ ಸಿಟ್ಟು ಬಂತು. ಮೈಲವ್ವನ ಮೇಲೋ, ಅವನ ಮೇಲೋ, ಗೊತ್ತಿಲ್ಲ. ಮನೆಗೆ ಬಂದು ಊಟ ಕೂಡ ಮಾಡದೆ ದೇವರಗುಡ್ಡದ ವಿಡಿಯೋ ಹಾಕಿ ಕೂತೆ.

ನಿಧಾನ ಮಾಡಿ ನೋಡಿದೆ. ಗಂಟೆಯಾದ ಮೇಲೆ ಹೊಸಾಕಿ ದೇವರ ಕಡೆ ನೋಡುತ್ತಿಲ್ಲ, ಹೆದರಿಯೂ ಇಲ್ಲ. ಅಂಚಿಗೆ ಹೋಗಿ ಒಂದೊಂದೇ ಮುಖ ನೋಡುತ್ತಿದ್ದಾಳೆ. ಒಂದು ಮುದುಕಿಯ ಮುಖ, ಒಬ್ಬ ಪೊಲೀಸನ ಮುಖ, ಮೈಲಾರನ ಭಕ್ತ ಗೊರವಯ್ಯನ ಮುಖ. ನೋಡಿ, ಬಿಟ್ಟು, ಮುಂದಿನದಕ್ಕೆ ಹೋಗುತ್ತಾಳೆ. ಮದುವೆ ಮನೆಯಲ್ಲಿ ತಮ್ಮವರನ್ನು ಹುಡುಕುವವರು ಹೀಗೆಯೇ ನೋಡುತ್ತಾರೆ, ನಾನು ಸಾವಿರ ಸಲ ಕಂಡಿದ್ದೇನೆ.

ಮರುದಿನ ಗಣಪತಸಿಂಗನಿಗೆ ಮತ್ತೆ ಫೋನ್ ಹಚ್ಚಿದೆವು. ಗಂಟೆಯ ಸಂಗತಿ ಹೇಳಿದೆವು. ಚಕ್ಕರ್ ಮುಗಿದಾಗ ಗಂಟೆ ಬಾರಿಸುತ್ತಾರೆ, ಹೇಳುವುದು ಮರೆತೆ ಎಂದ. ಗಂಟೆಯಾದರೆ ಕುದುರೆ ಮೈದಾನದ ಅಂಚಿಗೆ ಬರುತ್ತದೆ. ಸವಾರ ಇಳಿದು ಬೇರೆ ಕುದುರೆ ಹತ್ತುತ್ತಾನೆ, ಏಕೆಂದರೆ ಒಂದೇ ಕುದುರೆಯನ್ನು ಬೆನ್ನುಬೆನ್ನಿಗೆ ಎರಡು ಚಕ್ಕರ್ ಆಡಿಸುವಂತಿಲ್ಲ. ದಣಿದು ಬಂದ ಕುದುರೆಗಾಗಿ ಅಂಚಿನಲ್ಲಿ ಒಬ್ಬ ಕಾಯುತ್ತಾ ನಿಂತಿರುತ್ತಾನೆ, ಬಕೆಟ್ ನೀರು ಹಿಡಿದು. "ನಾನು ತಲೆಗೆ ಕೆಂಪು ಸಾಫಾ ಸುತ್ತಿಕೊಂಡು ನಿಲ್ಲುತ್ತಿದ್ದೆ" ಎಂದ. "ಬಿಜಲಿ ನನ್ನನ್ನು ಹುಡುಕುತ್ತಿದ್ದಾಳೆ ಸಾಹೇಬರೇ."

ಬಿಜಲಿ. ಅವಳಿಗೆ ಹೆಸರಿತ್ತು.

ಫಕ್ಕೀರಸಾಬನ ಮುಖ ಸಣ್ಣದಾಯಿತು. "ಅಂದ್ರ ದಿನಾ ಹುಲ್ಲು ನೀರು ಹಾಕಾಂವ ನಾನು ಆಕೀಗೆ ಯಾರೂ ಅಲ್ಲ" ಎಂದ. ಅವನಿಗೆ ಖರೇ ನೋವಾಗಿತ್ತು.

ಒಳಗಿಂದ ಹುಸೇನಬಿ ಹೇಳಿದಳು: "ನೀವು ಕಂಬಳಿ ನೋಡಕೋತ ಕುಂದರತೀರಿ, ಆಕಿ ಮಂದಿ ಮಾರಿ ನೋಡಕೋತ ನಿಂದರತಾಳ. ನೀವರ ಆಕೀನ್ನ ಯಾವಾಗ ನೋಡೀರಿ?"

ನಾನೊಂದು ಉಪಾಯ ಹೇಳಿದೆ: "ಒಂದು ಕೆಂಪು ರುಮಾಲು ಸುತ್ತಿಕೊಳ್ರಿ. ಬರ್ತದ." ಫಕ್ಕೀರಸಾಬ ತಲೆಯಾಡಿಸಿದ. "ಬ್ಯಾಡ್ರಿ ಆಚಾರ್ರ. ಇನ್ನೊಬ್ಬನ ವೇಷ ಹಾಕ್ಕೊಂಡು ಆಕೀಗೆ ಮೋಸ ಮಾಡಾಂಗಿಲ್ಲ. ಬಂದ್ರ ನನ್ನ ನೋಡಿ ಬರಲಿ. ಬರದಿದ್ರ ಪುಣೆದವ ಒಯ್ಯಲಿ."

ಬ್ಯಾಡಗಿಯಲ್ಲಿ ಇಳಿದ ಕೂಡಲೇ ನನಗೆ ಸೀನು ಹತ್ತಿತು. ಗಾಳಿಯಲ್ಲಿಯೇ ಮೆಣಸಿನಕಾಯಿ ಇರುವ ಊರು ಅದು. ಬಿಸಿಲಿಗೆ ಹರವಿದ ಕಾಯಿಯ ಕೆಂಪು ದಾರಿಯ ಎರಡೂ ಬದಿಗೆ ಚೆಲ್ಲಿತ್ತು, ಅದರ ನಡುವೆ ಬಿಳಿ ಕುದುರೆ. ಕ್ಯಾಮೆರಾದಲ್ಲಿ ನೋಡುತ್ತಿದ್ದ ನನಗೆ ನೆಲ ಬಿಟ್ಟು ಎಲ್ಲೋ ಹೋಗುತ್ತಿದ್ದೇವೆ ಅನ್ನಿಸುತ್ತಿತ್ತು. ಮದುಮಗನ ಕಡೆಯವರು ಕುಣಿಯುತ್ತಿದ್ದರು. ಮಂಟಪದ ಬಾಗಿಲು ಎದುರಿಗೇ ಕಾಣುತ್ತಿತ್ತು. ಅದಕ್ಕೂ ಮೊದಲು ಒಂದು ಸಣ್ಣ ಹನುಮಪ್ಪನ ಗುಡಿ. ಗುಡಿಯ ಎದುರಿಗೆ, ದಾರಿಯ ಆಚೆ ಬದಿಗೆ, ಫಕ್ಕೀರಸಾಬ ಬೆಳಿಗ್ಗೆಯೇ ಒಂದು ಬಕೆಟ್ ನೀರು ಇಟ್ಟು ಬಂದಿದ್ದ.

ಯಾರೋ ಗಂಟೆ ಬಾರಿಸಿದರು. ಬಿಜಲಿ ನಿಂತಳು. ಬ್ಯಾಂಡು ಇನ್ನಷ್ಟು ಜೋರಾಯಿತು, ಕುದುರೆ ಅಲುಗಲಿಲ್ಲ. "ದೇವರ ಮುಂದ ನಿಂತಿತು ನೋಡ್ರಿ, ದೇವರಗುಡ್ಡದಾಗ ಆದಂಗ ಆತು!" ಎಂದು ಯಾವುದೋ ಹೆಣ್ಣು ದನಿ ಕೂಗಿತು. ಬ್ಯಾಂಡಿನ ವಾದ್ಯಗಳು ಒಂದೊಂದಾಗಿ ಸುಮ್ಮನಾದವು.

ಫಕ್ಕೀರಸಾಬ ಮದುಮಗನಿಗೆ, "ತಮ್ಮಾ, ಜೀನು ಗಟ್ಟಿ ಹಿಡಕೋ, ಅಂಜಬ್ಯಾಡ" ಎಂದು ಹೇಳಿ ಲಗಾಮು ಕೈಬಿಟ್ಟ. ನನ್ನ ಕ್ಯಾಮೆರಾದ ಎಡಗಡೆಯಿಂದ ಆ ಕೈ ಮೊದಲ ಸಲ ಹೊರಗೆ ಹೋಯಿತು. ಜನರನ್ನು ದಾಟಿ, ದಾರಿಯ ಆಚೆ ಹೋಗಿ, ಬಕೆಟ್ಟಿನ ಪಕ್ಕ ನಿಂತುಕೊಂಡ. ಕರೆಯಲಿಲ್ಲ. ಕೈಗಳು ಮೈಯ ಬದಿಗೆ ಜೋತು ಬಿದ್ದಿದ್ದವು.

ಬಿಜಲಿ ಮುಖಗಳನ್ನು ನೋಡತೊಡಗಿದಳು. ಮದುಮಗನ ಸೋದರಮಾವನ ಮುಖ ನೋಡಿ ಬಿಟ್ಟಳು. ಬ್ಯಾಂಡಿನವನನ್ನು ನೋಡಿದಳು. ಒಬ್ಬ ಬೀಗರ ತಲೆಯ ಮೇಲೆ ಕೆಂಪು ರುಮಾಲಿತ್ತು. ಅಲ್ಲಿ ಅವಳ ಕಣ್ಣು ನಿಂತಿತು. ಕಿವಿ ಮುಂದೆ ಮಾಡಿ ನೋಡಿದಳು, ಮೂಗು ಚಾಚಿ ಮೂಸಿದಳು, ಅವನಲ್ಲ ಎಂದು ತಿಳಿಯಿತು. ಮುಂದೆ ನೋಡಿದಳು. ಆಮೇಲೆ ಬಿಳಿ ಟೊಪ್ಪಿಗೆಯ, ಕುರುಚಲು ಗಡ್ಡದ ಆ ಮುದುಕನ ಮೇಲೆ ಕಣ್ಣಿಟ್ಟಳು. ನೋಡಿದಳು. ನೋಡುತ್ತಲೇ ಇದ್ದಳು. ನಂತರ ಮದುಮಗನನ್ನು ಹೊತ್ತುಕೊಂಡೇ, ಯಾವ ಅವಸರವೂ ಇಲ್ಲದೆ ದಾರಿ ದಾಟಿ ಹೋಗಿ ಫಕ್ಕೀರಸಾಬನ ಎದೆಗೆ ಹಣೆ ಹಚ್ಚಿದಳು.

ಫಕ್ಕೀರಸಾಬ ಅತ್ತ. ಮರೆಮಾಚಲಿಲ್ಲ, ಎಲ್ಲರೆದುರು ಅತ್ತ. ನನ್ನ ವಿಡಿಯೋ ಅಲ್ಲಿ ಸ್ವಲ್ಪ ಅಲುಗಿದೆ. ಮೆಣಸಿನಕಾಯಿ ಘಾಟಿಗೆ ಎಂದು ಕೇಳಿದವರಿಗೆ ಹೇಳುತ್ತೇನೆ.

ಆಮೇಲೆ ಅವನು ಮೂಗು ಒರೆಸಿಕೊಂಡು ಮದುಮಗನಿಗೆ, "ತಮ್ಮಾ, ಇಳಿ. ಆಕೀದು ಚಕ್ಕರ್ ಮುಗೀತು. ಮುಂದಿಂದು ನಿನ್ನ ಕಾಲ ಮ್ಯಾಲ" ಎಂದ.

ಮಾವ ಸಿಟ್ಟಿಗೆದ್ದ. ಕುದುರೆ ಮಂಟಪದ ತನಕ ಅಂತ ಮಾತಾಗಿತ್ತು ಎಂದ. "ಮಾತು ತಪ್ಪಿದ್ದು ನಂದ್ರಿ, ನೀವು ಏನರ ಅನ್ರಿ" ಎಂದು ಫಕ್ಕೀರಸಾಬ ಕೈಮುಗಿದ, ಆದರೆ ಮದುಮಗನನ್ನು ಇಳಿಸಲು ಕೈ ಚಾಚಿಯೇ ನಿಂತ. ವಿಜಯಮಹಾಂತೇಶ ಇಳಿದು, ಬಿಜಲಿಯ ಕುತ್ತಿಗೆಯನ್ನೊಮ್ಮೆ ತಟ್ಟಿ, ಬಾಸಿಂಗ ಸರಿಮಾಡಿಕೊಂಡು ನಡೆದೇಬಿಟ್ಟ. ಮಂಟಪದ ಬಾಗಿಲಲ್ಲಿ ಮದುಮಗಳು ಭುವನಾ ಇಣುಕಿ ನೋಡುತ್ತಿದ್ದಳು. ಅಷ್ಟು ಎತ್ತರದಿಂದ ಇಳಿದು ತನ್ನ ಕಡೆಗೆ ನಡೆದು ಬರುವ ಹುಡುಗನನ್ನು ಕಂಡು ಅವಳು ನಕ್ಕದ್ದು ನನ್ನ ವಿಡಿಯೋದಲ್ಲಿ ಇದೆ. ಮುಂದೆ ಈ ಪದ್ಧತಿಯನ್ನು ಬೇಡಿ ಮಾಡಿಸಿಕೊಂಡವರೆಲ್ಲ ಆ ನಗು ನೋಡಿದವರೇ.

ಸಂಜೆ ರಾಣೆಬೆನ್ನೂರಿಗೆ ಬಂದಾಗ ಇನ್ನೂ ಬೆಳಕಿತ್ತು. ಫಕ್ಕೀರಸಾಬ ಪುಣೆಗೆ ಫೋನ್ ಹಚ್ಚಿ, "ಬರಬ್ಯಾಡ್ರಿ. ಕೊಡಾಂಗಿಲ್ಲ" ಎಂದಷ್ಟೇ ಹೇಳಿ ಇಟ್ಟ. ಬಿಜಲಿಯ ಮೈ ಒರೆಸಿದ. ಕುತ್ತಿಗೆಯ ಮೇಲೆ ಮೋಟು ಕೂದಲು ಬರಲು ಹತ್ತಿತ್ತು. ಆಮೇಲೆ ಗೂಟದ ಹತ್ತಿರ ಹೋಗಿ ಚಾಂದನಿಯ ಕಂಬಳಿ ತೆಗೆದ. ಧೂಳು ಜಾಡಿಸಿ ಬಿಜಲಿಗೆ ಹೊದಿಸಿ, ನಾಲ್ಕೂ ಕಡೆ ಸರಿಮಾಡಿದ.

ಹುಸೇನಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನೇ ಯಾರೂ ಕೇಳದಿದ್ದರೂ ಹೇಳಿದ: "ಚಲೋ ಆಡಿದ ಕುದುರೀಗೆ ಹೊದಸಬೇಕಂತ ರೂಢಿ ಐತಿ. ಇವತ್ತ ಆಡಿದ್ದು ಒಂದ ಕುದುರಿ."